ಯಾರ ಕಲೆ ಎಂದು ಕೇಳಬಾರದು

ಬಟ್ಟೆ ಕೈಗೆ ಬಂದರೆ ಸಾಕು, ಅದು ಎಲ್ಲೆಲ್ಲಿ ಬಿದ್ದು ಎದ್ದು ಬಂದಿದೆ ಎಂದು ಅವಳು ಹೇಳಿಬಿಡುತ್ತಿದ್ದಳು. ಚಹಾದ ಕಲೆಗೂ ಕಾಫಿಯ ಕಲೆಗೂ ಅಂಚಿನಲ್ಲಿ ವ್ಯತ್ಯಾಸವಿದೆ. ತುಕ್ಕು ಒಣಗಿದ ರಕ್ತದ ಹಾಗೆ ಕಂಡರೂ ನೀರು ತಾಗಿಸಿದಾಗ ಹರಡುವುದಿಲ್ಲ. ಮೇಣವಾದರೆ ಮೇಲೆ ಕಾಗದ ಇಟ್ಟು ಇಸ್ತ್ರಿ ಎಳೆಯಬೇಕು, ತುಟಿಯ ಬಣ್ಣವಾದರೆ ಸ್ಪಿರಿಟ್ಟು, ಮೊಟ್ಟೆಯಾಗಲಿ ರಕ್ತವಾಗಲಿ ತಣ್ಣೀರು. ಅಪ್ಪಿತಪ್ಪಿ ಬಿಸಿನೀರು ಹಾಕಿದಿರೋ, ಆ ಕಲೆ ಬಟ್ಟೆಯ ಜೊತೆಗೇ ಚಟ್ಟ ಏರುತ್ತದೆ. ಲಾಡ್ಜುಗಳ, ನರ್ಸಿಂಗ್ ಹೋಮುಗಳ ಹಾಸಿಗೆ ಬಟ್ಟೆ ಒಗೆಯುವ ಆ ದೊಡ್ಡ ಲಾಂಡ್ರಿಯಲ್ಲಿ ಅವಳಿಗೆ ‘ಕಲೆ ಡಾಕ್ಟರು’ ಎಂದೇ ಹೆಸರು. ಕಿಟಕಿಯ ಪಕ್ಕದ ಉದ್ದನೆಯ ಮೇಜು ಅವಳದು. ಎಂಟು ಜನ ಹೆಂಗಸರಲ್ಲಿ ಮೇಜು ಸ್ವಂತದ್ದು ಎಂದು ಹೇಳಿಕೊಳ್ಳಬಹುದಾದವಳು ಅವಳೊಬ್ಬಳೇ. ಇಡೀ ಬದುಕಿನಲ್ಲಿ ಅವಳದು ಎಂದು ಇದ್ದದ್ದೂ ಆ ಮೇಜೊಂದೇ.

ಕೆಲಸಕ್ಕೆ ಸೇರಿದ ಮೊದಲ ದಿನ ಮ್ಯಾನೇಜರಮ್ಮ ಒಂದೇ ಒಂದು ಪಾಠ ಹೇಳಿದ್ದರು. "ಎಂಥ ಕಲೆ ಅಂತ ನೋಡು. ಯಾರ ಕಲೆ, ಹೆಂಗಾಯ್ತು ಅಂತ ಕೇಳ್ಬೇಡ. ನಾವು ಒಗೆಯೋರು, ಪೊಲೀಸರಲ್ಲ." ಆರು ವರ್ಷದಲ್ಲಿ ಅವಳು ಅದನ್ನು ಒಮ್ಮೆಯೂ ಮೀರಿರಲಿಲ್ಲ. ಎಷ್ಟೋ ಹಾಸಿಗೆ ಬಟ್ಟೆಗಳು ಎಷ್ಟೋ ಮನೆಗಳ ಮಾನ ಮುಳುಗಿಸುವಷ್ಟು ಕಥೆ ಹೊತ್ತು ಬಂದವು. ಅವಳು ತಣ್ಣೀರಿನಲ್ಲಿ ಅದ್ದಿ, ಉಜ್ಜಿ, ಬಿಳಿ ಮಾಡಿ ಕಳಿಸಿದಳು.

ಲಾಂಡ್ರಿಯಲ್ಲಿ ಕೋಣೆಯಷ್ಟು ದೊಡ್ಡ ಯಂತ್ರಗಳಿದ್ದವು. ಮನೆಯಲ್ಲಿ ಒಗೆಯುವ ಕಲ್ಲಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ನಾಲ್ಕು ಜನರ ಬಟ್ಟೆ ಒಗೆದು, ಹಿಂಡಿ, ತಂತಿಗೆ ಹಾಕಿ, ಅಡುಗೆ ಮುಗಿಸಿ, ಒಂಬತ್ತು ವರ್ಷದ ಮಗಳಿಗೆ ಜಡೆ ಹೆಣೆದು, ಡಬ್ಬಿಗಳನ್ನು ಮುಚ್ಚಿ ಅವಳು ಹೊರಗೆ ಕಾಲಿಡುವಾಗ ಅತ್ತೆ ಬಾಗಿಲಲ್ಲಿ ನಿಂತು, "ಹೊರಟ್ಳು ಮಹಾರಾಣಿ, ಊರವರ ಹೊಲಸು ತೊಳೆಯೋಕೆ. ಮನೇಲಿ ಮಧ್ಯಾಹ್ನ ಒಲೆ ಹಚ್ಚೋಕೆ ಈ ಮುದುಕಿ ಇದ್ದಾಳಲ್ಲ" ಎನ್ನುವರು. ಅತ್ತೆ ಮುದುಕಿಯೇನಲ್ಲ, ಅರವತ್ತು ದಾಟಿರಲಿಲ್ಲ. ಆದರೆ ಮಧ್ಯಾಹ್ನದ ಒಲೆ ಎದುರು ಬಂದಾಗ ಅವರಿಗೆ ಎಂಬತ್ತಾಗುತ್ತಿತ್ತು. ಗಂಡ ಲಿಫ್ಟ್ ಮೆಕ್ಯಾನಿಕ್ಕು. ಬೇರೆ ಬೇರೆ ಊರುಗಳಲ್ಲಿ ಹೊಸ ಕಟ್ಟಡಗಳಿಗೆ ಲಿಫ್ಟ್ ಕೂರಿಸಲು ಹೋದರೆ ನಾಲ್ಕು ದಿನ, ವಾರ. ಬರುವಾಗ ಚೀಲದ ತುಂಬ ಗ್ರೀಸು ಬಳಿದ ಬಟ್ಟೆ ತರುವನು. ಚೀಲ ಬಾಗಿಲ ಬಳಿ ದೊಪ್ಪೆಂದು ಬೀಳುವ ಸದ್ದೇ ಅವನು ಮನೆಗೆ ಬಂದ ಸುದ್ದಿ.

ಅಂಥದ್ದೊಂದು ಚೀಲದಲ್ಲಿ ಅವಳು ಆ ಕಲೆಯನ್ನು ಮೊದಲ ಸಲ ಕಂಡಳು. ಗಂಡನ ಒಳಚಡ್ಡಿಯ ಮುಂಭಾಗದಲ್ಲಿ, ಹಳದಿಗೆ ಸ್ವಲ್ಪ ಹಸಿರು ಬೆರೆಸಿದ ಹಾಗೆ, ಗಂಜಿ ಹಾಕಿದಂತೆ ಗಟ್ಟಿಯಾಗಿತ್ತು. ಆರು ವರ್ಷದ ಕೈ ತಾನಾಗಿಯೇ ಯೋಚನೆ ಮಾಡಿತು: ಮೈಯಿಂದ ಬಂದದ್ದು, ಮೊಟ್ಟೆಯ ಜಾತಿಯದು, ತಣ್ಣೀರು, ಉಪ್ಪು, ಅರ್ಧ ಗಂಟೆ. ಅದ್ದಿದಳು, ಉಜ್ಜಿದಳು, ಹೋಯಿತು. ತನ್ನ ಕೆಲಸ ತಾನೇ ಮೆಚ್ಚಿಕೊಂಡು ತಂತಿಗೆ ಹಾಕಿದಳು. ಯಾರ ಕಲೆ, ಹೇಗಾಯಿತು ಎಂದು ಕೇಳಲಿಲ್ಲ. ಕೇಳಬಾರದು ಎನ್ನುವುದು ಅಷ್ಟರ ಮಟ್ಟಿಗೆ ಮೈಗೆ ಹತ್ತಿತ್ತು. ಮರುದಿನವೂ ಇತ್ತು. ಅದರ ಮರುದಿನವೂ.

"ಉಚ್ಚೆ ಹೋದ್ರೆ ಉರಿ. ಬಿಸಿಲಲ್ಲಿ ಕೆಲಸ, ಉಷ್ಣ ಆಗಿದೆ" ಎಂದ ಗಂಡ.

ಲಿಫ್ಟ್ ಇಳಿಯುವ ಗುಂಡಿಯೊಳಗೆ ಬಿಸಿಲೆಲ್ಲಿಂದ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಅತ್ತೆ ಅಪ್ಪಣೆ ಕೊಟ್ಟರು. "ಬಾರ್ಲಿ ನೀರು ಮಾಡಿಕೊಡೇ. ಗಂಡಸು ದುಡಿದು ಒಣಗಿ ಹೋಗಿದ್ದಾನೆ, ನಿನಗೆ ಕಣ್ಣು ಕಾಣಲ್ವಾ?" ಅವಳು ಐದರ ಬದಲು ನಾಲ್ಕೂವರೆಗೆ ಎದ್ದಳು. ಬಾರ್ಲಿ ಬೇಯಿಸಿ, ಸೋಸಿ, ಆರಿಸಿ, ಫ್ಲಾಸ್ಕಿಗೆ ತುಂಬಿ ಕೊಟ್ಟಳು. ಅವನು ಮೆಡಿಕಲ್ ಶಾಪಿನಲ್ಲಿ ಬಾಯಿಮಾತಿಗೆ ಕೇಳಿ ತಂದ ಮಾತ್ರೆಗಳಲ್ಲಿ ನಾಲ್ಕು ನುಂಗಿದ. ಉರಿ ಕಡಿಮೆಯಾಯಿತು. ಉಳಿದವನ್ನು ಕಿಟಕಿಯಿಂದ ಆಚೆ ಎಸೆದ. ಬಾರ್ಲಿ ನೀರಿಗೆ ಹೆಸರು ಬಂತು. ಅತ್ತೆ ಪಕ್ಕದ ಮನೆಗೆಲ್ಲ ಹೇಳಿದರು, "ನಾನು ಹೇಳಿ ಮಾಡಿಸಿದ್ದು."

ಉರಿ ಹೋಯಿತೆಂದು ಅವನು ಹಾಸಿಗೆಗೆ ಬಂದ. ಅವಳು ಬೇಡ ಎನ್ನುವಷ್ಟು ಎಚ್ಚರವಾಗಿಯೂ ಇರಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಅವಳ ಕಿಬ್ಬೊಟ್ಟೆಯಲ್ಲಿ ನೋವು ಶುರುವಾಯಿತು. ಹಗ್ಗ ಹಿಂಡಿದ ಹಾಗೆ ಬರುವುದು, ಹೋಗುವುದು. ಮುಟ್ಟಿನ ದಿನವಲ್ಲದಿದ್ದರೂ ಎರಡು ಸಲ ರಕ್ತ ಕಂಡಿತು. ನಿಂತೇ ಕೆಲಸ ಮಾಡುವವರಿಗೆ ಹೊಟ್ಟೆನೋವು, ಸೊಂಟನೋವು ಸಂಬಳದ ಜೊತೆ ಬರುವಂಥದ್ದು ಎಂದುಕೊಂಡಳು. ಒಂದು ದಿನ ಒದ್ದೆ ಬಟ್ಟೆಯ ಬುಟ್ಟಿ ಎತ್ತಲು ಬಗ್ಗಿದವಳು ಎದ್ದು ನಿಲ್ಲಲಾಗದೆ ಮೇಜಿನ ಕಾಲು ಹಿಡಿದು ಕುಳಿತುಬಿಟ್ಟಳು. ಪಕ್ಕದಲ್ಲಿದ್ದ ಇಸ್ತ್ರಿಯಕ್ಕ ಇಸ್ತ್ರಿ ಬಿಟ್ಟು ಓಡಿಬಂದಳು.

"ಏನ್ರೀ ಡಾಕ್ಟ್ರೇ, ಊರ ಕಲೆ ತೆಗೀತೀರ, ನಿಮ್ಮ ಮುಖ ಯಾಕ್ರೀ ಹೀಗೆ ಬಿಳಿ ಮಾಡ್ಕೊಂಡ್ರಿ? ನಡೀರಿ ಆಸ್ಪತ್ರೆಗೆ. ಇಲ್ಲಿ ಸತ್ರೆ ಆ ಬಟ್ಟೇನೂ ನಾವೇ ಒಗೀಬೇಕು."

ಎರಡು ಬೀದಿ ಆಚೆಯ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಹೆಂಗಸು. ಚಿಕ್ಕ ಪ್ರಾಯ, ದೊಡ್ಡ ಕನ್ನಡಕ. ಪರದೆ ಎಳೆದು ಪರೀಕ್ಷೆ ಮಾಡಿದರು, ಹತ್ತಿ ಸುತ್ತಿದ ಕಡ್ಡಿಯಲ್ಲಿ ಒಳಗಿನಿಂದ ಸ್ವಲ್ಪ ತೆಗೆದು ಗಾಜಿನ ಕೊಳವೆಗೆ ಹಾಕಿ ಕಳಿಸಿದರು. ಮೂರು ದಿನ ಬಿಟ್ಟು ಬರಲು ಹೇಳಿದರು. ಮೂರು ದಿನ ಬಿಟ್ಟು ಹೋದಾಗ ಬಾಗಿಲು ಹಾಕಿಸಿ, ನೇರವಾಗಿ ಹೇಳಿದರು.

"ಗೊನೋರಿಯಾ ಅಂತ ಕಾಯಿಲೆ. ಲೈಂಗಿಕ ಸಂಪರ್ಕದಿಂದ ಬರೋದು. ಗಾಬರಿ ಬೇಡ, ವಾಸಿಯಾಗುತ್ತೆ. ಆದ್ರೆ ಬಿಟ್ರೆ ಗರ್ಭನಾಳಕ್ಕೆ ಹತ್ತುತ್ತೆ, ನಿಮಗೆ ಆಗ್ಲೇ ಸ್ವಲ್ಪ ಹತ್ತಿದ ಹಾಗಿದೆ. ಅದಕ್ಕೇ ನೋವು."

ಅವಳಿಗೆ ಮೊದಲು ಹೊಳೆದದ್ದು ತನ್ನ ಮೇಜು. "ಡಾಕ್ಟ್ರೇ, ನಾನು ಲಾಂಡ್ರೀಲಿ... ಲಾಡ್ಜಿನ ಹಾಸಿಗೆ ಬಟ್ಟೆ..."

"ಉಹೂಂ. ಈ ರೋಗಾಣು ಮೈಯ ಹೊರಗೆ ಬಾಳಲ್ಲ. ಬಟ್ಟೇಲಿ ಒಣಗಿದ್ರೆ ಸತ್ತುಹೋಗುತ್ತೆ. ನೀವು ಸಾವಿರ ಹಾಸಿಗೆ ಬಟ್ಟೆ ಕೈಯಲ್ಲಿ ಮುಟ್ಟಿದ್ರೂ ಅದರಿಂದ ಇದು ಬರಲ್ಲ. ಕಕ್ಕಸಿನಿಂದ ಬರಲ್ಲ, ಬಕೆಟ್ಟಿಂದ ಬರಲ್ಲ, ಒಂದೇ ತಟ್ಟೇಲಿ ಉಂಡ್ರೆ ಬರಲ್ಲ. ಮೈಗೆ ಮೈ ಸೇರಿದ್ರೆ ಬರುತ್ತೆ. ನಿಮ್ಮ ಯಜಮಾನ್ರಿಗೆ ಏನಾದ್ರೂ ಉರಿ, ಕೀವು?"

ಅವಳು ಹಳದಿ ಹಸಿರು ಕಲೆಯ ಬಗ್ಗೆ ಹೇಳಿದಳು. ಉಪ್ಪುನೀರಿನ ಬಗ್ಗೆ ಹೇಳಿದಳು. ಬಾರ್ಲಿಯ ಬಗ್ಗೆ ಹೇಳಲು ಅವಳಿಗೆ ನಾಚಿಕೆಯಾಯಿತು.

"ಗಂಡಸರಿಗೆ ಬೇಗ ಗೊತ್ತಾಗುತ್ತೆ, ಹೆಂಗಸರಿಗೆ ಎಷ್ಟೋ ಸಲ ಏನೂ ಗೊತ್ತಾಗಲ್ಲ. ಅದೇ ಈ ಕಾಯಿಲೆಯ ಮೋಸ" ಎಂದರು ಡಾಕ್ಟರು. "ಅರೆಬರೆ ಮಾತ್ರೆ ನುಂಗಿದ್ರೆ ಉರಿ ಹೋಗಬಹುದು, ರೋಗ ಹೋಗಲ್ಲ. ಈಗ ನಿಮಗೆ ಇಂಜೆಕ್ಷನ್ನು, ಹದಿನಾಲ್ಕು ದಿನ ಮಾತ್ರೆ. ಅವರೂ ಬಂದು ಹಾಕಿಸಿಕೊಳ್ಳಬೇಕು. ನಿಮ್ಮ ಔಷಧಿ ಪೂರ್ತಿ ಮುಗಿದು, ಅವರದ್ದೂ ಆಗಿ ಏಳು ದಿನ ಕಳೆಯೋವರೆಗೂ ಜೊತೆಗೆ ಮಲಗಬೇಡಿ. ಅವರು ಬರದಿದ್ರೆ ನಿಮಗೆ ಕೊಟ್ಟದ್ದೆಲ್ಲ ಹೊಳೇಲಿ ಹುಣಸೆ ಹಣ್ಣು ತೊಳೆದ ಹಾಗೆ. ಮತ್ತೆ ಬರುತ್ತೆ."

"ಇದು ಯಾರಿಂದ ಯಾರಿಗೆ ಬಂತು ಅಂತ ಪರೀಕ್ಷೇಲಿ ಬರುತ್ತಾ?"

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಬರಲ್ಲಮ್ಮ. ಇದೆಯೋ ಇಲ್ವೋ ಅಂತ ಬರುತ್ತೆ, ಅಷ್ಟೇ."

ಗಂಡನ ಹೆಸರಿಗೆ ಒಂದು ಚೀಟಿ ಬರೆದುಕೊಟ್ಟರು. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ರವಿಕೆಯಲ್ಲಿಟ್ಟುಕೊಂಡು ನಡೆದಳು. ಇಂಜೆಕ್ಷನ್ ಚುಚ್ಚಿದ ಕಡೆ ಕಾಲು ಎಳೆಯುತ್ತಿತ್ತು.

ಸಂಜೆ ಮಗಳು ಆಟಕ್ಕೆ ಹೋದ ಹೊತ್ತು ನೋಡಿ, ಕೋಣೆಯ ಬಾಗಿಲು ಮುಂದೆ ಮಾಡಿ, ಗಂಡನ ಎದುರು ಚೀಟಿ ಹಿಡಿದಳು. ಡಾಕ್ಟರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಇವನು ಹೆಗಲು ಮುಟ್ಟಿಕೊಳ್ಳಲಿಲ್ಲ, ಎದುರಿಗಿದ್ದವಳ ಹೆಗಲಿಗೇ ಕುಂಬಳಕಾಯಿ ಹೊರಿಸಿದ.

"ರೋಗ ಯಾರಿಗೆ ಬಂದಿರೋದು? ನಿನಗೆ. ಚೀಟಿ ಯಾರ ಹೆಸರಿಗೆ? ನನ್ನ ಹೆಸರಿಗೆ. ಭೇಷ್! ನನಗೆ ಏನಿದೆಯೇ? ಉಷ್ಣ ಆಗಿತ್ತು, ಹೋಯ್ತು. ದಿನಾ ಹೊರಗೆ ಹೋಗಿಬರೋಳು ನೀನು."

"ನೀವು ಹೋಗಲ್ವಾ?"

"ನಾನು ಕೆಲಸಕ್ಕೆ ಹೋಗ್ತೀನಿ!"

"ನಾನೇನು ಜಾತ್ರೆಗೆ ಹೋಗ್ತೀನಾ? ನೀವೂ ಬಂದು ಪರೀಕ್ಷೆ ಮಾಡಿಸಿಕೊಳ್ಳಿ. ಏನೂ ಇಲ್ಲ ಅಂತಾದ್ರೆ ನಾನೇ ಮನೆ ಬಿಟ್ಟು ಹೋಗ್ತೀನಿ."

ಅವನು ಚೀಟಿಯನ್ನು ಮುದುಡಿ ಮೂಲೆಗೆಸೆದ. ಬಾಗಿಲು ತಾನಾಗಿಯೇ ತೆರೆಯಿತು. ಅತ್ತೆ ಅಲ್ಲೇ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಆ ಹಾಸಿಗೆ ಬಟ್ಟೆಗಳೇ" ಎಂದರು ಅತ್ತೆ. "ನಾನು ಮೊದಲ ದಿನದಿಂದ ಬಾಯಿ ಬಡ್ಕೊಂಡೆ. ಲಾಡ್ಜಲ್ಲಿ ಎಂತೆಂಥವರು ಮಲಗಿ ಏಳ್ತಾರೋ, ಅದನ್ನೆಲ್ಲ ಬರಿಗೈಲಿ ಬಾಚಿಕೊಂಡು, ಅದೇ ಕೈಲಿ ನಮಗೆ ಬಡಿಸಿದ್ದಾಳೆ. ನನ್ನ ಮಗನಿಗೆ ಉರಿ ಬಂದದ್ದೂ ಇವಳಿಂದಲೇ!"

ಗಂಡ ತಾಯಿಯನ್ನು ನೋಡಿದ. ಬಿಸಿಲಲ್ಲಿ ನಡೆದವನಿಗೆ ಮರದ ನೆರಳು ಸಿಕ್ಕ ಹಾಗೆ ಅವನ ಮುಖ ತಂಪಾದದ್ದನ್ನು ಅವಳು ಕಣ್ಣಾರೆ ಕಂಡಳು. "ಅದೇ ಇರಬೇಕು" ಎಂದ. ದನಿಯೂ ಇಳಿಯಿತು. "ನಿಂದೂ ತಪ್ಪಿಲ್ಲ ಬಿಡು. ಕೆಲಸ ಅಂಥದ್ದು. ನಾಳೆಯಿಂದ ಹೋಗಬೇಡ, ಎಲ್ಲ ಸರಿಹೋಗುತ್ತೆ."

ಎಷ್ಟು ಮೆತ್ತಗಿನ ಮಾತು! ಒಪ್ಪಿಕೊಂಡುಬಿಟ್ಟಿದ್ದರೆ ಆ ಮನೆಯಲ್ಲಿ ಆ ಕ್ಷಣಕ್ಕೆ ಯಾರೂ ಕೆಟ್ಟವರಲ್ಲ. ಗಂಡ ಸಾಧು, ಹೆಂಡತಿ ಪಾಪದವಳು, ತಪ್ಪೆಲ್ಲ ಗುರುತಿಲ್ಲದ ಯಾರದೋ ಹಾಸಿಗೆ ಬಟ್ಟೆಯದು. ಅತ್ತೆಗೆ ಮಧ್ಯಾಹ್ನದ ಒಲೆಯಿಂದ ಬಿಡುಗಡೆ. ಅವಳೊಬ್ಬಳ ಮೇಜು ಹೋಗುತ್ತದೆ, ಮತ್ತು ಅವನು ಚುಚ್ಚಿಸಿಕೊಳ್ಳದೆ ಮತ್ತೆ ಅದನ್ನೇ ಅವಳಿಗೆ ಹತ್ತಿಸುತ್ತಾನೆ. ಇವೆರಡು ಬಿಟ್ಟರೆ ನಷ್ಟವೇನೂ ಇಲ್ಲ.

"ಬಟ್ಟೆಯಿಂದ ಬರಲ್ಲ ಅಂತ ಡಾಕ್ಟರು ಹೇಳಿದ್ದಾರೆ" ಎಂದಳು.

"ಡಾಕ್ಟರಿಗೇನು ಗೊತ್ತು? ಅವಳು ಯಾವತ್ತಾದರೂ ಒಂದು ಬಟ್ಟೆ ಒಗೆದಿದ್ದಾಳಾ?" ಎಂದರು ಅತ್ತೆ.

ಮರುಬೆಳಗು ಬಚ್ಚಲಲ್ಲಿ ಕೆಂಪು ಬಕೆಟ್ಟೊಂದು ಬೇರೆಯಾಗಿ ಕೂತಿತ್ತು. "ಇದು ನಿಂದು. ನಿನ್ನ ಬಟ್ಟೆ ನಮ್ಮದರ ಜೊತೆ ಸೇರಿಸಬೇಡ" ಎಂದರು ಅತ್ತೆ. ತಟ್ಟೆ ಬೇರೆ, ಲೋಟ ಬೇರೆ. ಮಗಳ ಚಾಪೆ ಅಜ್ಜಿಯ ಪಕ್ಕಕ್ಕೆ ಹೋಯಿತು. ಹುಡುಗಿ ಜಡೆ ಹೆಣೆಸಿಕೊಳ್ಳಲು ಬಂದವಳು ಎರಡು ಮಾರು ದೂರ ನಿಂತು, "ಅಮ್ಮ, ನಿನ್ನ ಮುಟ್ಟಿದ್ರೆ ನನಗೂ ಬರುತ್ತಂತೆ, ಹೌದಾ?" ಎಂದು ಕೇಳಿದಳು. ಬೇರೆ ಮಾತೆಲ್ಲ ಹೊಟ್ಟೆಗೆ ಹಾಕಿಕೊಂಡವಳಿಗೆ ಇದೊಂದು ಗಂಟಲಲ್ಲೇ ನಿಂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಾರೆಂದು ಕೇಳಿದ್ದಳು. ಇಲ್ಲಿ ಕರುವನ್ನೂ ಹೆದರಿಸಿ ಕಟ್ಟಿಹಾಕಿದ್ದರು.

"ಬರಲ್ಲ ಪುಟ್ಟಾ. ಬಾ ಇಲ್ಲಿ" ಎಂದು ಎಳೆದು ಕೂರಿಸಿ, ಬಿಗಿಯಾಗಿ ಜಡೆ ಹೆಣೆದು, ಕೆಲಸಕ್ಕೆ ಹೋದಳು.

ಅತ್ತೆ ಸುಮ್ಮನೆ ಕೂರುವವರಲ್ಲ. ಹನ್ನೊಂದರ ಹೊತ್ತಿಗೆ, ಮದುವೆಮನೆಗೆ ಉಡುವ ಸೀರೆ ಉಟ್ಟು, ಲಾಂಡ್ರಿಯ ಬಾಗಿಲಲ್ಲಿ ಪ್ರತ್ಯಕ್ಷರಾದರು. ಯಂತ್ರಗಳ ಸದ್ದಿನ ಮೇಲೆ ಅವರ ದನಿ ಎದ್ದಿತು.

"ಯಾರ್ರೀ ಇಲ್ಲಿ ಮ್ಯಾನೇಜರು? ನನ್ನ ಸೊಸೆಗೆ ನಿಮ್ಮ ಲಾಡ್ಜಿನ ಬಟ್ಟೆಯಿಂದ ಕೆಟ್ಟ ರೋಗ ಬಂದಿದೆ. ಗುಪ್ತರೋಗ! ಇವಳ ಹೆಸರು ತೆಗೆದುಹಾಕಿ. ನೀವುಗಳೂ ನೋಡ್ಕೊಳ್ರಮ್ಮ, ನಿಮಗೂ ಬಂದಿರುತ್ತೆ!"

ಬಟ್ಟೆ ಮಡಿಸುತ್ತಿದ್ದ ಇಬ್ಬರು ಕೈಯಲ್ಲಿದ್ದ ಹಾಸಿಗೆ ಬಟ್ಟೆಯನ್ನು ಹಾವು ಬಿಟ್ಟ ಹಾಗೆ ಬಿಟ್ಟರು. ಒಬ್ಬಳು ನಲ್ಲಿಗೆ ಓಡಿ ಕೈಗೆ ಸೋಪು ಹಚ್ಚತೊಡಗಿದಳು. ನಿನ್ನೆಯವರೆಗೆ ಅವಳ ಡಬ್ಬಿಯಿಂದ ಉಂಡವರು ಈಗ ಅವಳ ಮೇಜಿನಿಂದ ಹಿಂದೆ ಸರಿದು ನಿಂತರು. ಮ್ಯಾನೇಜರಮ್ಮ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿ, "ನೋಡಮ್ಮ, ಇಂಥ ಮಾತು ಗಿರಾಕಿಗಳ ಕಿವಿಗೆ ಬಿದ್ರೆ ಕಷ್ಟ. ಸ್ವಲ್ಪ ದಿನ ಮನೇಲೇ ಇರು" ಎಂದರು.

ಸ್ವಲ್ಪ ದಿನ ಎಂದರೆ ಎಷ್ಟೆಂದು ಅವಳಿಗೆ ಗೊತ್ತಿತ್ತು. ಹೆರಿಗೆಗೆಂದು ಸ್ವಲ್ಪ ದಿನ ಹೋದವಳ ಯಂತ್ರದ ಮುಂದೆ ಈಗ ಬೇರೊಬ್ಬಳು ನಿಂತಿದ್ದಳು. ಅವಳು ಎದ್ದಳು. ಮೇಜು ಹಿಡಿದೇ ಮಾತಾಡಿದಳು.

"ರೋಗ ಬಂದಿರೋದು ನಿಜ. ಗೊನೋರಿಯಾ ಅಂತ ಅದರ ಹೆಸರು. ಇಂಜೆಕ್ಷನ್ ತಗೊಂಡಿದ್ದೀನಿ. ಆದ್ರೆ ಬಟ್ಟೆಯಿಂದ ಬಂದಿಲ್ಲ. ಒಣಗಿದ ಬಟ್ಟೇಲಿ ಅದು ಬದುಕಲ್ಲ. ಇದು ಮಲಗಿದವರಿಂದ ಮಲಗಿದವರಿಗೆ ಬರೋದು. ನಾನು ಮಲಗಿರೋದು ತಾಳಿ ಕಟ್ಟಿದವರೊಬ್ಬರ ಜೊತೇನೇ. ಅವರಿಗೆ ಎರಡು ತಿಂಗಳ ಹಿಂದೆ ಕೀವು ಬಂದಿತ್ತು. ನಾನೇ ಒಗೆದಿದ್ದೀನಿ, ಈ ಕೈಯಲ್ಲೇ. ಯಾರ ಕಲೆ ಅಂತ ಕೇಳ್ಬಾರ್ದು ಅಂತ ನೀವು ಹೇಳಿಕೊಟ್ರಿ ಮ್ಯಾನೇಜರಮ್ಮ, ನಾನು ಮನೇಲೂ ಕೇಳಲಿಲ್ಲ. ನನ್ನ ತಪ್ಪು ಅದೊಂದೇ."

ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವಳು ಇಸ್ತ್ರಿಯಕ್ಕ.

"ಅಲ್ಲಜ್ಜೀ, ಬಟ್ಟೆಯಿಂದ ಬರೋ ಹಾಗಿದ್ರೆ ಇಪ್ಪತ್ತು ವರ್ಷದಿಂದ ಇಸ್ತ್ರಿ ಹಾಕ್ತಿರೋ ನಾನು ಯಾವತ್ತೋ ಕೊಳೆತು ಗೊಬ್ಬರ ಆಗ್ಬೇಕಿತ್ತು. ಲಾಡ್ಜಿನ ಹಾಸಿಗೆ ಬಟ್ಟೆ ಮುಟ್ಟಿದ ನಮಗೆ ಬರುತ್ತೆ, ಅದರ ಮೇಲೆ ಹೊರಳಾಡಿದ ನಿಮ್ಮ ಮಗನಿಗೆ ಬರಲ್ಲ! ಚೆನ್ನಾಗಿದೆ ನಿಮ್ಮನೆ ರೋಗದ ನ್ಯಾಯ!"

ಯಾರೋ ಕಿಸಕ್ಕೆಂದರು. ಅತ್ತೆಯ ಮುಖ ಕಪ್ಪಿಟ್ಟಿತು. "ಬಜಾರಿಗಳ ಸಂತೆ ಇದು" ಎಂದು ಸೆರಗು ಝಾಡಿಸಿ ಹೊರಟರು. ಮ್ಯಾನೇಜರಮ್ಮ ಆಸ್ಪತ್ರೆಗೆ ಫೋನು ಮಾಡಿದರು. ಯಾರ ಹೆಸರೂ ಹೇಳದೆ, ಬಟ್ಟೆ ಮುಟ್ಟುವ ಕೆಲಸದವರಿಗೆ ಈ ರೋಗ ಹತ್ತುತ್ತದೆಯೇ ಎಂದು ಕೇಳಿ, ಅಲ್ಲಿಂದ ಬಂದ ಉತ್ತರವನ್ನು ಎಲ್ಲರಿಗೂ ಕೇಳುವಂತೆ ಜೋರಾಗಿ ತಿರುಗಿ ಹೇಳಿದರು: "ಇದು ಹತ್ತಲ್ವಂತೆ! ಬೇರೆ ಕೊಳೆಗೆ ಅಂತ ಕೈಗವಸು ಕೊಡಿ ಅಂದ್ರು. ತರಿಸ್ತೀನಿ. ಹೋಗಿ ಕೆಲಸ ನೋಡಿ." ಅವಳಿಗೆ ಏನೂ ಹೇಳಲಿಲ್ಲ. ಪೆನ್ನಿನಿಂದ ಮೇಜಿನ ಕಡೆ ತೋರಿಸಿದರು, ಅಷ್ಟೇ. ಆದರೂ ಸೋಪು ಹಚ್ಚಿಕೊಂಡವಳು ಅವಳ ಡಬ್ಬಿಯ ಅನ್ನವನ್ನು ಅವತ್ತೂ ಮುಟ್ಟಲಿಲ್ಲ, ಆಮೇಲೂ ಮುಟ್ಟಲಿಲ್ಲ.

ಸುದ್ದಿ ಅವಳಿಗಿಂತ ಮೊದಲೇ ಮನೆ ಸೇರಿತ್ತು. ಗಂಡ ಬಾಗಿಲಲ್ಲೇ ಕೈ ಎತ್ತಿದ. "ಊರ ಮುಂದೆ ನನ್ನ ಮಾನ ಹರಾಜು ಹಾಕಿ ಬಂದೆಯಾ?"

"ಅಂಗಡಿ ತೆರೆದದ್ದು ನಿಮ್ಮಮ್ಮ. ಹೊಡೀರಿ. ನಾಳೆ ಮೇಜಿನ ಹತ್ತಿರ ಯಾಕೆ ಮುಖ ಊದಿದೆ ಅಂತ ಕೇಳ್ತಾರೆ. ಅದನ್ನೂ ಹೇಳ್ತೀನಿ. ನನಗೀಗ ಅಭ್ಯಾಸ ಆಗಿದೆ."

ಎತ್ತಿದ ಕೈ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಬಾಗಿಲ ಚಿಲಕಕ್ಕೆ ಹೋಯಿತು. ಅವಳು ಮೂಲೆಯಲ್ಲಿ ಬಿದ್ದಿದ್ದ ಚೀಟಿಯನ್ನು ಎತ್ತಿ, ಸುಕ್ಕು ಬಿಡಿಸಿ, ಟೀವಿಯ ಮುಂದೆ ಇಟ್ಟಳು. "ನನ್ನ ಬಟ್ಟೆ ನಿಮ್ಮದರ ಜೊತೆ ಸೇರಬಾರದು ಅಂದ್ರಲ್ಲ ಅತ್ತೆ. ಸರಿ. ಇನ್ನು ಸೇರಲ್ಲ. ನನ್ನದೂ ಮಗಳದ್ದೂ ಕೆಂಪು ಬಕೆಟ್ಟಲ್ಲಿ. ನಿಮ್ಮದು ನೀವು ಒಕ್ಕೊಳ್ಳಿ. ಮಗಳ ಚಾಪೆ ನನ್ನ ಪಕ್ಕ. ಇವರು ಚುಚ್ಚಿಸಿಕೊಂಡು ಬರೋವರೆಗೆ ಆ ಕೋಣೆಗೆ ನಾನು ಕಾಲಿಡಲ್ಲ."

ಐದು ದಿನ ಬೆಳಿಗ್ಗೆ ಅವಳು ಕೆಂಪು ಬಕೆಟ್ಟಿನ ಎರಡು ಲಂಗ, ಒಂದು ಸೀರೆ, ಒಂದು ಶಾಲೆಯ ಅಂಗಿ ಒಗೆದು, ಹತ್ತು ನಿಮಿಷದಲ್ಲಿ ಮುಗಿಸಿ ಎದ್ದಳು. ಹತ್ತೇ ನಿಮಿಷ! ಹತ್ತು ವರ್ಷದಿಂದ ತನ್ನ ಬೆಳಗು ಎಲ್ಲಿಗೆ ಹೋಗುತ್ತಿತ್ತು ಎನ್ನುವುದು ಅವಳಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಅದು ಕಲ್ಲಿನ ಪಕ್ಕದಲ್ಲಿ ದಿನದಿನವೂ ಬೆಳೆಯುತ್ತಿದ್ದ ಗಂಡನ ಬಟ್ಟೆಯ ಗುಡ್ಡದಲ್ಲಿತ್ತು. ಗ್ರೀಸಿನ ಪ್ಯಾಂಟು, ಬೆವರಿನ ಬನಿಯನ್ನು, ಒಳಚಡ್ಡಿ. ಆರನೇ ದಿನ ಅವನಿಗೆ ಉಡಲು ಬಟ್ಟೆ ಉಳಿಯಲಿಲ್ಲ. "ನನ್ನ ಬಟ್ಟೆ ಎಲ್ಲಿ?" ಎಂದು ಮನೆ ಕಿತ್ತುಹೋಗುವಂತೆ ಕೂಗಿದ. ಅತ್ತೆ ಸೊಸೆಯ ಏಳು ತಲೆಮಾರನ್ನು ಬೈಯುತ್ತ, ಸೀರೆ ಎತ್ತಿ ಕಟ್ಟಿ, ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತರು.

ಅವಳು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಅತ್ತೆ ಒಂದೊಂದನ್ನೇ ಎತ್ತಿ ಬಡಿಯುತ್ತಿದ್ದರು, ಸೊಸೆಯ ಬೆನ್ನೇ ಅಲ್ಲಿದೆ ಎನ್ನುವಂತೆ. ಒಂದು ಒಳಚಡ್ಡಿ ಎತ್ತಿದರು. ಬಡಿಯಲಿಲ್ಲ. ಎರಡೂ ಕೈಯಲ್ಲಿ ಅಗಲಿಸಿ ಹಿಡಿದರು. ಬೆಳಕಿಗೆ ಹಿಡಿದರು. ಗುಡ್ಡ ಕೆದಕಿ ಇನ್ನೊಂದು ತೆಗೆದರು, ಮತ್ತೊಂದು ತೆಗೆದರು. ಅವನ ಉಷ್ಣ ಮತ್ತೆ ಬಂದಿತ್ತು. ಹೇಳಿಕೊಂಡರೆ ಚೀಟಿ ಎತ್ತಬೇಕಾಗುತ್ತದೆಂದು ಹಲ್ಲು ಕಚ್ಚಿಕೊಂಡು ಓಡಾಡುತ್ತಿದ್ದ.

ಅತ್ತೆ ಬಹಳ ಹೊತ್ತು ಎದ್ದೇಳಲಿಲ್ಲ. ನಲ್ಲಿ ಸುರಿಯುತ್ತಲೇ ಇತ್ತು. ಅವಳು ನಲ್ಲಿ ನಿಲ್ಲಿಸಲು ಹೋದಾಗ ಅತ್ತೆ ತಲೆ ಎತ್ತಲಿಲ್ಲ.

"ಬಿಸಿನೀರು ಹಾಕಿದ್ರೆ ಹೋಗಲ್ಲ ಇದು" ಎಂದರು.

"ಹೂಂ. ತಣ್ಣೀರು" ಎಂದಳು ಅವಳು.

"ನನಗೆ ಹೇಳಿಕೊಡಬೇಡ. ನೀನು ಹುಟ್ಟೋಕೆ ಮೊದಲೇ ಒಗೆದಿದ್ದೀನಿ."

ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕುಳಿತ ಮಾವನನ್ನು ಅವಳು ಕಂಡವಳಲ್ಲ. ಒಬ್ಬನೇ ಮಗ ಹುಟ್ಟಿದ ಮೇಲೆ ಅತ್ತೆಗೆ ಮತ್ತೆ ಮಕ್ಕಳಾಗಲಿಲ್ಲ. ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ ಎಂದು ಅತ್ತೆಯ ಅತ್ತೆ ಸಾಯುವವರೆಗೂ ಚುಚ್ಚಿದ್ದರಂತೆ. ಹೊಟ್ಟೆನೋವು ಎಂದು ಅತ್ತೆ ತಿಂಗಳಿಗೆ ನಾಲ್ಕು ದಿನ ಮಲಗುತ್ತಿದ್ದದ್ದನ್ನು ಮೈಗಳ್ಳತನ ಎಂದು ಮನೆಮಂದಿಯೆಲ್ಲ ಆಡಿಕೊಂಡಿದ್ದರಂತೆ. ಮದುವೆಯಾದ ಹೊಸತರಲ್ಲಿ ಅವಳೂ ಆಡಿಕೊಂಡಿದ್ದಳು.

"ಅವಾಗ್ಲೂ ಉಷ್ಣ ಅಂದ್ರು" ಎಂದರು ಅತ್ತೆ. "ಬಾರ್ಲಿ ಸೋಸಿ ಸೋಸಿ ಕೊಟ್ಟೆ."

ಆ ಮಾತಿಗೆ ಅವಳು ಅತ್ತೆಯ ಭುಜ ಮುಟ್ಟಬಹುದಿತ್ತು. ಮುಟ್ಟಲಿಲ್ಲ. ಮಗಳು ದೂರ ನಿಂತು ಕೇಳಿದ ಮಾತು ಇನ್ನೂ ಗಂಟಲಲ್ಲಿತ್ತು. "ಎಲ್ಲ ಗೊತ್ತಿದ್ದೂ ನನ್ನ ಮೇಜಿನ ಹತ್ತಿರ ಬಂದು ಕಿರುಚಿದ್ರಾ?" ಎಂದಳು.

"ಗೊತ್ತಿರಲಿಲ್ಲ ಕಣೇ. ಗೊತ್ತಾಗಬಾರದು ಅಂತ ಇಟ್ಕೊಂಡಿದ್ದೆ."

ಅತ್ತೆ ಎದ್ದರು. ಮಂಡಿ ಹಿಡಿದು, ನಿಧಾನಕ್ಕೆ. ಒದ್ದೆಯಾದ ಒಳಚಡ್ಡಿಯನ್ನು ಹಿಡಿದೇ ನಡುಮನೆಗೆ ನಡೆದು, ಟವೆಲ್ಲು ಸುತ್ತಿಕೊಂಡು ಟೀವಿ ನೋಡುತ್ತಿದ್ದ ಮಗನ ಮಡಿಲಿಗೆ ಎಸೆದರು.

"ಏನಮ್ಮ ಇದು!"

"ನಿನ್ನಪ್ಪನ ಆಸ್ತಿ. ಏಳು. ಆ ಚೀಟಿ ತಗೋ."

"ಅಮ್ಮ, ಇವಳ ಮಾತು ಕೇಳ್ಕೊಂಡು..."

"ಇವಳ ಮಾತು ಯಾರು ಕೇಳ್ತಾರೆ? ನನ್ನ ಕಣ್ಣು ಹೇಳ್ತಿದೆ. ಏಳ್ತೀಯೋ, ಟವೆಲ್ಲಲ್ಲೇ ಬೀದಿಗೆ ಎಳ್ಕೊಂಡು ಹೋಗ್ಲೋ?"

ಗುಡ್ಡದಿಂದ ಒಗೆಯದ ಪ್ಯಾಂಟೊಂದನ್ನು ಎಳೆದು ಏರಿಸಿಕೊಂಡು ಅವನು ತಾಯಿಯ ಹಿಂದೆ ಹೋದ. ಅವಳು ಜೊತೆಗೆ ಹೋಗಲಿಲ್ಲ. ಕೆಲಸಕ್ಕೆ ಹೋದಳು.

ಸಂಜೆ ಬಂದಾಗ ಚೀಟಿಯ ಮೇಲೆ ಆಸ್ಪತ್ರೆಯ ಮೊಹರು ಬಿದ್ದಿತ್ತು. ಗಂಡ ಗೋಡೆಗೆ ಮುಖ ಮಾಡಿ ಮಲಗಿದ್ದ. "ಈಗ ಸಮಾಧಾನ ಆಯ್ತಾ ನಿನಗೆ?" ಎಂದ, ತಿರುಗದೆ.

"ಏಳು ದಿನ ಆಗಲಿ. ನನ್ನ ಮಾತ್ರೆ ಮುಗೀಲಿ. ಆಮೇಲೆ ಇನ್ನೊಂದು ಪರೀಕ್ಷೆ. ಅದಾದ ಮೇಲೂ ನನಗೆ ಸಮಾಧಾನ ಆಯ್ತಾ ಇಲ್ವಾ ಅಂತ ನಾನು ಹೇಳ್ತೀನಿ. ಅಲ್ಲೀವರೆಗೆ ಕೇಳಬೇಡಿ."

ಅಡುಗೆಮನೆಯಲ್ಲಿ ಅತ್ತೆ ಒಲೆಯ ಮುಂದೆ ಕುಳಿತಿದ್ದರು. "ಆ ಡಾಕ್ಟರಿ ಬಾಯಿ ಬಿಡಿಸಿದ್ಲು ಅವನದ್ದು. ಪರದೆ ಆಚೆ ಕೂತು ಎಲ್ಲ ಕೇಳಿಸ್ಕೊಂಡೆ. ಕೆಲಸಕ್ಕೆ ಹೋದ ಊರಲ್ಲಿ ಯಾವಳೋ ಇದ್ದಾಳಂತೆ. ಅವಳಿಗೂ ಹೇಳಿ ಕಳಿಸಬೇಕಂತೆ, ಅವಳಿಗೂ ಗೊತ್ತಿರಲ್ವಂತೆ. ಹಾಳಾದವಳು."

ಅವಳು ಆ ಹೆಂಗಸನ್ನು ಬೈಯಲು ಬಾಯಿ ತೆರೆದಳು. ಬೈಗುಳ ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು. ಆದರೆ ಹೊರಗೆ ಬಂದದ್ದು ಬೇರೆ. "ಹೇಳಿ ಕಳಿಸಲಿ. ಅವಳೂ ಯಾರದ್ದೋ ಬಟ್ಟೆ ಒಗೀತಾ ಕೂತಿರ್ತಾಳೆ."

ಅತ್ತೆ ಅನ್ನದ ಪಾತ್ರೆಯ ಮುಚ್ಚಳವನ್ನು ಇಕ್ಕುಳದಿಂದ ಎತ್ತಿ ಕುಕ್ಕಿದರು. ಆವಿ ಅವರ ಮುಖ ಮುಚ್ಚಿತು. ಆವಿಯ ಒಳಗಿನಿಂದಲೇ ಸಿಡುಕಿದರು.

"ಆ ಡಾಕ್ಟರಿ ವಯಸ್ಸಾದವರನ್ನೂ ನೋಡ್ತಾಳಾ, ಇಲ್ಲಾ ನಿನ್ನಂಥವರನ್ನು ಮಾತ್ರಾನಾ?"

"ನೋಡ್ತಾರೆ."

"ನಲವತ್ತು ವರ್ಷದ ಹಿಂದಿನದ್ದು ಏನು ತಿಳಿಯುತ್ತೆ ಅವಳಿಗೆ, ಮಣ್ಣು."

"ನನಗೇನು ಗೊತ್ತು? ನೀವೇ ಕೇಳಿ. ಸೋಮವಾರ ನನಗೆ ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಎಂಟಕ್ಕೆ ಹೊರಡ್ತೀನಿ. ತಯಾರಾಗಿದ್ರೆ ಬನ್ನಿ. ನಾನು ಕಾಯೋಳಲ್ಲ."

"ಕಾಯಿ ಅಂತ ನಾನೂ ಹೇಳಿಲ್ಲ" ಎಂದರು ಅತ್ತೆ. ನಾಲ್ಕು ತಟ್ಟೆ ತೆಗೆದು ಒಂದೇ ಸಾಲಿನಲ್ಲಿ ಇಟ್ಟು, ಬಡಿಸತೊಡಗಿದರು.